ಮೊರಸುನಾಡಿನ ದೊಡ್ಡದ್ಯಾವರ

ದೊಡ್ಡದ್ಯಾವರ ಎಂದರೆ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ಮೊರಸು ಒಕ್ಕಲಿಗರು ಕುಲದ ಮಕ್ಕಳಿಗೆಲ್ಲ ಒಟ್ಟಿಗೆ ಕಿವಿ ಚುಚ್ಚಿಸುವ ಹಬ್ಬ. ಬಂಡಿದ್ಯಾವರ ಎಂಬ ಹೆಸರೂ ಈ ಸೀಮೆಯಲ್ಲಿ ಬಳಕೆಯಲ್ಲಿದೆ. ಯುಗಾದಿ, ಸಂಕ್ರಾಂತಿಗಳ ಹಾಗೆ ವರ್ಷ ವರ್ಷ ಬರುವುದಲ್ಲ ಇದು. ಹಲವು ವರ್ಷಕ್ಕೊಮ್ಮೆ, ದಾಯಾದಿಗಳೆಲ್ಲ ಕೂತು ಮಾತಾಡಿ ಒಪ್ಪಿದ ಮೇಲೆ ನಡೆಯುವಂಥದ್ದು.

ಕುಂದಾಣ ಹೋಬಳಿ ಸೇರಿರುವ ದೇವನಹಳ್ಳಿ ಸೀಮೆ ಹಳೆಯ ಮೊರಸುನಾಡಿನ ಭಾಗ. ಇಲ್ಲಿನ ಗೌಡ ಮನೆತನಗಳ ಮೂಲವನ್ನು ಐತಿಹ್ಯ ಆವತಿ ಎಂಬ ಊರಿಗೆ ಒಯ್ಯುತ್ತದೆ. ಕಂಚಿಯ ಕಡೆಯಿಂದ ಹೊರಟ ರಣಭೈರೇಗೌಡ ತನ್ನ ತಮ್ಮಂದಿರೊಡನೆ ಬಂಡಿ ಕಟ್ಟಿಕೊಂಡು ಬಂದು ಅಲ್ಲಿನ ಬೆಟ್ಟದ ಬುಡದಲ್ಲಿ ಬೀಡುಬಿಟ್ಟನಂತೆ. ಅದೇ ವಂಶದ ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಹೆಸರು ಹೆಸರಿನಲ್ಲೂ ಭೈರವನಿದ್ದಾನೆ, ಕುಲದೈವ ಅವನೇ.

ಈ ಹಬ್ಬದ ಇತಿಹಾಸದಲ್ಲಿ ಓದಲು ಕಷ್ಟವಾಗುವ ಪುಟವೊಂದಿದೆ. ಮೊರಸರಲ್ಲಿ ‘ಬೆರಳು ಕೊಡುವ’ ಪಂಗಡವೊಂದಿತ್ತು. ಹಿರಿಯ ಮಗಳ ಕಿವಿ ಚುಚ್ಚಿಸುವ ಮೊದಲು ತಾಯಿ ತನ್ನ ಬಲಗೈಯ ಉಂಗುರ ಬೆರಳು, ಕಿರುಬೆರಳುಗಳ ತುದಿಗೆಣ್ಣನ್ನು ದೇವರಿಗೆ ಒಪ್ಪಿಸಬೇಕಿತ್ತು. ಬೆರಳನ್ನು ಮರದ ತುಂಡಿನ ಮೇಲಿಟ್ಟು ಊರಿನ ಕಮ್ಮಾರ ಉಳಿಯಿಂದ ಹೊಡೆಯುತ್ತಿದ್ದ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಈ ಪದ್ಧತಿಯನ್ನು ಬರೆದಿಟ್ಟಿದ್ದಾನೆ, ಅವನ ನಂತರ ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ಕೂಡ.

ಕಾರಣ ಕೇಳಿದರೆ ಸಿಗುವುದು ಸೀತಿಬೆಟ್ಟದ ಕಥೆ. ಮುಟ್ಟಿದ್ದೆಲ್ಲ ಸುಡುವ ವರ ಪಡೆದ ರಕ್ಕಸ ಶಿವನನ್ನೇ ಅಟ್ಟಿಸಿಕೊಂಡು ಬಂದ. ಶಿವ ಹೊಲದ ಗಿಡವೊಂದರಲ್ಲಿ ಅಡಗಿದ. ಉಳುತ್ತಿದ್ದ ರೈತ ಹೆದರಿ, ಬಾಯಿಬಿಡದೆ ಕಿರುಬೆರಳಿಂದ ಆ ಕಡೆ ತೋರಿಸಿಬಿಟ್ಟ. ವಿಷ್ಣು ಮೋಹಿನಿಯಾಗಿ ಬಂದು ರಕ್ಕಸನನ್ನು ಮುಗಿಸಿದ ಮೇಲೆ ಶಿವ ಆ ಬೆರಳನ್ನು ಕೇಳಿದ. ಆಗ ತಾನೇ ಬುತ್ತಿ ಹೊತ್ತು ಬಂದಿದ್ದ ರೈತನ ಹೆಂಡತಿ, ಉಳುವ ಕೈ ಕೆಡಬಾರದೆಂದು ತನ್ನ ಎರಡು ಬೆರಳು ಕೊಟ್ಟಳು. ಕೋಲಾರದ ಹತ್ತಿರ ಆ ಬೆಟ್ಟದ ಮೇಲೆ ಭೈರವನ ಗುಡಿ ಇಂದಿಗೂ ಇದೆ. ತಪ್ಪು ಗಂಡನದು, ತೆತ್ತವಳು ಹೆಂಡತಿ, ಆಮೇಲೆ ತಲೆಮಾರುಗಟ್ಟಲೆ ಅವಳ ಹೆಣ್ಣುಮಕ್ಕಳು. ಕಥೆ ಅವಳ ತ್ಯಾಗವನ್ನು ಹಾಡಿಹೊಗಳಿದರೂ ಆ ನೋವು ಹಗುರವಾಗುವುದಿಲ್ಲ.

ಬೆರಳು ಕೊಡುವ ಈ ಪದ್ಧತಿಯನ್ನು ಸರ್ಕಾರ ನಿಷೇಧಿಸಿತು. ಶಾಸ್ತ್ರ ಮಾತ್ರ ರೂಪ ಬದಲಿಸಿ ಉಳಿಯಿತು. ಬೆರಳಿಗೆ ಚಿನ್ನದ ತಂತಿ ಸುತ್ತಿ, ಎಳೆದು ತೆಗೆದು ಒಪ್ಪಿಸುವ ಕ್ರಮ ಬಂತು.

ಈಗ ಹಬ್ಬದ ಜೀವವೆಲ್ಲ ಮಕ್ಕಳ ಸುತ್ತಲೇ. ಸೋದರಮಾವನ ತೊಡೆಯ ಮೇಲೆ ಹೊಸ ಬಟ್ಟೆ ತೊಟ್ಟ ಮಗು. ಎದುರಿಗೆ ತಂತಿ ಹಿಡಿದ ಅಕ್ಕಸಾಲಿ. ಕಿವಿಯಿಂದ ರಕ್ತದ ಹನಿ ಕಾಣುವ ಮೊದಲೇ ಬಾಯಿಗೊಂದು ಬೆಲ್ಲದ ಚೂರು. ಇದನ್ನು ಹೋಲುವ ಹಬ್ಬ ದೂರದ ಮಡಗಾಸ್ಕರ ದ್ವೀಪದಲ್ಲೂ ಇದೆ. ಅಲ್ಲಿನ ಮನಂಜರಿಯಲ್ಲಿ ಅಂತಂಬಹೋಕ ಜನ ಏಳು ವರ್ಷಕ್ಕೊಮ್ಮೆ ‘ಸಂಬಾತ್ರ’ ಹಬ್ಬ ಮಾಡಿ ಕುಲದ ಗಂಡುಮಕ್ಕಳಿಗೆಲ್ಲ ಸುನ್ನತಿ ಮಾಡಿಸುತ್ತಾರೆ. ಎರಡು ಕಡೆಯೂ ಮಗುವನ್ನು ಬರಮಾಡಿಕೊಳ್ಳುವುದು ಅಪ್ಪ ಅಮ್ಮ ಮಾತ್ರವಲ್ಲ, ಇಡೀ ಕುಲ.

ಅದೇ ದ್ವೀಪದ ಒಳನಾಡಿನವರು ‘ಫಮದಿಹಾನ’ದಲ್ಲಿ ಗೋರಿ ತೆರೆದು, ಹಿರಿಯರ ಅಸ್ಥಿಗೆ ಹೊಸ ರೇಷ್ಮೆ ಹೊದಿಸಿ ಕುಣಿಯುತ್ತಾರೆ. ಕುಂದಾಣದ ಸುತ್ತಮುತ್ತ ಹಿರಿಯರಿಗೆ ಬಟ್ಟೆ ಕೊಡುವ ದಿನ ಮಹಾಲಯ ಅಮಾವಾಸ್ಯೆ. ಕಳಶದ ಪಕ್ಕ ಹೊಸ ಪಂಚೆ, ಸೀರೆ ಇಟ್ಟು ಬಾಳೆ ಎಲೆಯಲ್ಲಿ ಎಡೆ ಹಾಕುತ್ತಾರೆ. ತೀರಿಕೊಂಡವರು ಇಷ್ಟಪಡುತ್ತಿದ್ದದ್ದೇ ಅಡುಗೆ: ಕೆಲವರಿಗೆ ಒಬ್ಬಟ್ಟು, ಕೆಲವರಿಗೆ ಮಾಂಸದ ಸಾರು, ಬೀಡಿ ಸೇದುತ್ತಿದ್ದ ತಾತನಿಗೆ ಒಂದು ಕಟ್ಟು ಬೀಡಿ.

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಆಮೇಲೆ ಜಿಲ್ಲಾಡಳಿತ ಭವನ ಕುಂದಾಣ ಹೋಬಳಿಯ ಬೀರಸಂದ್ರದ ಬಳಿ ಎದ್ದಿತು. ಎಷ್ಟೋ ಹೊಲ ನಿವೇಶನವಾದವು. ಇಷ್ಟೆಲ್ಲ ಬದಲಾದರೂ ಮಹಾಲಯ ಅಮಾವಾಸ್ಯೆಯ ದಿನ ಧೂಪ ಹಾಕಿದ ಮೇಲೆ ಎಲ್ಲರೂ ಆಚೆ ಬಂದು, ಹಿರಿಯರು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡುತ್ತಾರೆ. ಜಗಲಿಯ ಮೇಲೆ ಕೂತ ಮಕ್ಕಳಿಗೆ ಹಸಿವು. ಯಾರೋ ಒಬ್ಬರು ಎಡೆಯಿಂದ ತೆಗೆದಿಟ್ಟ ತುತ್ತನ್ನು ಮಾಳಿಗೆಯ ಮೇಲಿಟ್ಟು, ಕಾಗೆಯನ್ನು ಕೂಗಿ ಕರೆಯುತ್ತಿರುತ್ತಾರೆ.