ಲೈನ್ ಕ್ಲಿಯರ್‌ನಿಂದ ಕಮಾಂಡ್ ಲೈನ್‌ವರೆಗೆ

ಗುಬ್ಬಿಗೆ ರೈಲು ಬಂದದ್ದು 1884ರಲ್ಲಿ. ಊರಿನ ಹೆಸರನ್ನು ನಾಡಿನುದ್ದಕ್ಕೂ ಹರಡಿದ ನಾಟಕ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಬೆಂಗಳೂರಿನಿಂದ ತುಮಕೂರು ಹಾದು ಬಂದ ಆ ಮಾರ್ಗ ಆಗ ಒಂಟಿ ಹಳಿಯದಾಗಿತ್ತು. ಒಂಟಿ ಹಳಿಯ ಮೇಲೆ ಎರಡು ಗಾಡಿಗಳು ಎದುರುಬದುರಾದರೆ ಅನಾಹುತ ಕಟ್ಟಿಟ್ಟದ್ದು. ಆದ್ದರಿಂದ ಮುಂದಿನ ನಿಲ್ದಾಣದವರು ಒಪ್ಪಿಗೆ ಕೊಡದೆ ಹಿಂದಿನ ನಿಲ್ದಾಣದವರು ಗಾಡಿ ಬಿಡುವಂತಿಲ್ಲ. ಆ ಒಪ್ಪಿಗೆಯ ಹೆಸರೇ ‘ಲೈನ್ ಕ್ಲಿಯರ್’.

ಒಪ್ಪಿಗೆ ಬರುವುದು ತಂತಿಯ ಮೇಲೆ. ಮುಖ ಕಾಣದವನ ಮಾತನ್ನು ನಂಬುವುದು ಹೇಗೆ? ಭಾರತೀಯ ರೈಲ್ವೆ ಇದಕ್ಕೊಂದು ಸರಳ ಉಪಾಯ ಮಾಡಿಕೊಂಡಿತು. ಅದು ‘ಪ್ರೈವೇಟ್ ನಂಬರ್’. ಸ್ಟೇಷನ್ ಮಾಸ್ಟರ್ ಬಳಿ ಗುಟ್ಟಾಗಿ ಇಟ್ಟುಕೊಳ್ಳುವ ಅಂಕಿಗಳ ಒಂದು ಹಾಳೆ ಇರುತ್ತದೆ. ಮುಖ್ಯ ಸಂದೇಶ ವಿನಿಮಯವಾದಾಗ ಅದರಿಂದ ಒಂದು ಅಂಕಿಯನ್ನು ಹೇಳಿ, ಅದನ್ನು ಹೊಡೆದುಹಾಕುತ್ತಾರೆ. ಅತ್ತಲಿನವರು ಅದನ್ನು ಬರೆದಿಟ್ಟುಕೊಳ್ಳುತ್ತಾರೆ. ಮಾತನಾಡಿದವನು ಅಧಿಕಾರವುಳ್ಳವನೇ ಎಂಬುದಕ್ಕೆ ಅದೇ ಗುರುತು.

ಅದೇ ಪ್ರಶ್ನೆ ಈಗ ಮನೆಯ ನಡುಮನೆಗೆ ಬಂದಿದೆ. ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ ಎಂಬ ಕುಟುಂಬಗಳು ಬಹಳ. ಮದುವೆಯ ಚಿತ್ರಗಳು, ಇಂದು ಬದುಕಿಲ್ಲದ ಅಜ್ಜಿಯ ಹಾಡಿನ ಧ್ವನಿಮುದ್ರಣ, ಜಮೀನಿನ ಕಾಗದಗಳ ನಕಲು ಇವನ್ನೆಲ್ಲ ಒಂದೆಡೆ ಕೂಡಿಡಲು ಕೆಲವರು ‘ನಾಸ್’ ಎಂಬ ಸಣ್ಣ ಪೆಟ್ಟಿಗೆಯನ್ನು ಇಟ್ಟುಕೊಂಡಿರುತ್ತಾರೆ. ಇದು ಮನೆಯ ಜಾಲಕ್ಕೆ ಜೋಡಿಸಿದ ಹಾರ್ಡ್ ಡಿಸ್ಕ್‌ಗಳ ಗೂಡು. ಪರದೆಯಿಲ್ಲ, ಕೀಲಿಮಣೆಯೂ ಇಲ್ಲ. ಏನಾದರೂ ಕೆಟ್ಟಾಗ ಒಳಹೊಕ್ಕು ನೋಡಲು ಬೇರೊಂದು ಗಣಕದಿಂದ ಅಕ್ಷರಗಳಲ್ಲಿ ಆಜ್ಞೆ ಟೈಪ್ ಮಾಡಬೇಕು. ಈ ದೂರದ ‘ಕಮಾಂಡ್ ಲೈನ್’ಗೆ ದಾರಿ ಎಸ್‌ಎಸ್‌ಎಚ್. ಬಹಳ ಸಲ ಆ ದಾರಿ ತೆರೆಯುವುದೇ ಇಲ್ಲ. ಪೆಟ್ಟಿಗೆ ಏಕೆ ಒಳಬಿಡುತ್ತಿಲ್ಲ ಎಂಬುದನ್ನು ತಿಳಿಯಲು ಈ ದಾರಿಯ ಚರಿತ್ರೆಯನ್ನು ತುಸು ತಿರುವಿ ನೋಡುವುದು ಒಳ್ಳೆಯದು.

ಎರಡೇ ಅಕ್ಷರಕ್ಕೆ ನಿಂತ ಯಂತ್ರ

ದೂರದ ಗಣಕಯಂತ್ರಕ್ಕೆ ಆಜ್ಞೆ ಕೊಡುವ ಪ್ರಯೋಗ 1940ರಷ್ಟು ಹಳೆಯದು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆದ ಗಣಿತಜ್ಞರ ಸಭೆಯಲ್ಲಿ ಜಾರ್ಜ್ ಸ್ಟಿಬಿಟ್ಜ್ ಒಂದು ಟೆಲಿಟೈಪ್ ಯಂತ್ರವಿಟ್ಟು, ನ್ಯೂಯಾರ್ಕಿನಲ್ಲಿದ್ದ ಲೆಕ್ಕಯಂತ್ರಕ್ಕೆ ತಂತಿಯ ಮೂಲಕ ಲೆಕ್ಕ ಕಳುಹಿಸಿ ಉತ್ತರ ತರಿಸಿದರು.

ಇಂದಿನ ಅಂತರಜಾಲದ ಮೂಲವಾದ ಅರ್ಪಾನೆಟ್‌ನಲ್ಲಿ ಮೊದಲ ಸಂದೇಶ ಹೋದದ್ದು 1969ರ ಅಕ್ಟೋಬರ್ 29ರ ರಾತ್ರಿ. ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದಲ್ಲಿದ್ದ ವಿದ್ಯಾರ್ಥಿ ಚಾರ್ಲಿ ಕ್ಲೈನ್, ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಯಂತ್ರವನ್ನು ಪ್ರವೇಶಿಸಲು ‘ಲಾಗಿನ್’ ಎಂದು ಟೈಪ್ ಮಾಡತೊಡಗಿದರು. ಅತ್ತ ಬಿಲ್ ಡುವಾಲ್ ಕುಳಿತಿದ್ದರು. ಇಬ್ಬರ ಕಿವಿಯಲ್ಲೂ ದೂರವಾಣಿ. ‘ಎಲ್’ ತಲುಪಿತು, ‘ಓ’ ತಲುಪಿತು. ಮೂರನೆಯ ಅಕ್ಷರಕ್ಕೆ ಸ್ಟ್ಯಾನ್‌ಫರ್ಡ್‌ನ ವ್ಯವಸ್ಥೆ ಕುಸಿದುಬಿತ್ತು. ದೋಷ ಹುಡುಕಿ ಸರಿಪಡಿಸಿ ಪೂರ್ತಿ ಪ್ರವೇಶ ಪಡೆಯಲು ಹೆಚ್ಚುಕಡಿಮೆ ಒಂದು ಗಂಟೆ ಬೇಕಾಯಿತು.

ಅಂದರೆ ಅಂತರಜಾಲದ ಚರಿತ್ರೆ ಆರಂಭವಾಗುವುದೇ ಒಂದು ವಿಫಲ ಲಾಗಿನ್‌ನಿಂದ. ಅವರ ಕೈ ಹಿಡಿದದ್ದು ಪಕ್ಕದಲ್ಲಿದ್ದ ದೂರವಾಣಿ. ದಾರಿ ಕಟ್ಟಿದಾಗ ದೋಷ ಎಲ್ಲಿದೆಯೆಂದು ಕೇಳಲು ಎರಡನೆಯ ದಾರಿ ಇರಬೇಕು. ಊರಿನ ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ ಎಂದು ಅಮ್ಮನನ್ನು ಫೋನಿನಲ್ಲಿ ಕೇಳುವ ಮಗ ಮಾಡುತ್ತಿರುವುದೂ ಇದನ್ನೇ.

ಬಯಲಲ್ಲಿ ಹೋಗುತ್ತಿದ್ದ ಗುಟ್ಟು

ಅರ್ಪಾನೆಟ್‌ನ ದಿನಗಳಲ್ಲಿ ರೂಪುಗೊಂಡ ‘ಟೆಲ್‌ನೆಟ್’ ದಶಕಗಳ ಕಾಲ ದೂರಪ್ರವೇಶದ ಸಾಧನವಾಗಿತ್ತು. ಅದರ ಕೊರತೆ ಒಂದೇ: ಬಳಕೆದಾರನ ಹೆಸರು, ಪಾಸ್‌ವರ್ಡ್ ಎಲ್ಲವೂ ಪೋಸ್ಟ್‌ಕಾರ್ಡಿನ ಬರಹದಂತೆ ಬಯಲಲ್ಲೇ ಸಾಗುತ್ತಿದ್ದವು. ಬಳಸುವವರು ಕೆಲವೇ ವಿದ್ವಾಂಸರಾಗಿದ್ದಾಗ ಇದು ಯಾರನ್ನೂ ಕಾಡಲಿಲ್ಲ. ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು ಸೇರಿ ಎಂಟೇ ಸಂಸ್ಥೆಗಳಿದ್ದವು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಅಂತರಜಾಲವನ್ನು ಸಾರ್ವಜನಿಕರಿಗೆ ತೆರೆಯಿತು. ಆಗಿನ ‘ಶೆಲ್’ ಖಾತೆಯಲ್ಲಿ ಚಿತ್ರಗಳಿಲ್ಲ, ಬರೀ ಅಕ್ಷರ. ದೂರವಾಣಿಯ ಮೂಲಕ ದೂರದ ಯಂತ್ರಕ್ಕೆ ಆಜ್ಞೆ ಟೈಪ್ ಮಾಡುವುದೇ ಅಂದಿನ ಅಂತರಜಾಲ.

ಅದೇ 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೇಳುವ ತಂತ್ರ ಹೂಡಿ ಪಾಸ್‌ವರ್ಡ್‌ಗಳನ್ನು ದೋಚಿದರು. ಅಲ್ಲಿದ್ದ ತಾತು ಯ್ಲೋನೆನ್ ಎಂಬ ಸಂಶೋಧಕ ಇದಕ್ಕೆ ಉತ್ತರವಾಗಿ ಎಸ್‌ಎಸ್‌ಎಚ್ ಬರೆದು ಜುಲೈನಲ್ಲಿ ಬಿಡುಗಡೆ ಮಾಡಿದರು. ಅದು ಎರಡು ಕೆಲಸ ಮಾಡಿತು. ಸಾಗುವ ಮಾತನ್ನೆಲ್ಲ ಗೂಢಲಿಪಿಯಲ್ಲಿ ಮುಚ್ಚಿತು. ಎರಡೂ ಕಡೆಯವರು ತಮ್ಮ ಗುರುತು ತೋರಬೇಕೆಂದಿತು. ಕಡತ ಸಾಗಣೆಯ 21, ಟೆಲ್‌ನೆಟ್‌ನ 23, ಇವೆರಡರ ನಡುವೆ ಖಾಲಿಯಿದ್ದ 22 ಅದರ ಬಾಗಿಲ ಸಂಖ್ಯೆಯಾಯಿತು. 1999ರಲ್ಲಿ ಓಪನ್‌ಬಿಎಸ್‌ಡಿ ತಂಡ ಎಲ್ಲರಿಗೂ ಮುಕ್ತವಾಗಿ ಕೊಟ್ಟ ‘ಓಪನ್‌ಎಸ್‌ಎಸ್‌ಎಚ್’ ಈಗ ಮನೆಯ ಅನೇಕ ಪೆಟ್ಟಿಗೆಗಳ ಒಳಗೂ ಕುಳಿತಿದೆ.

ಕಾಲುವೆ, ತೂಬು, ಸರದಿ

ಕುಣಿಗಲ್ ಸೀಮೆಯಲ್ಲಿ ಕೆರೆ ನೀರಿನ ವಿಷಯ ಹೇಳಿಕೊಡಬೇಕಿಲ್ಲ. ಗದ್ದೆಗೆ ನೀರು ಬರಲಿಲ್ಲವೆಂದರೆ ರೈತ ಮೂರನ್ನು ಕ್ರಮವಾಗಿ ನೋಡುತ್ತಾನೆ: ಕಾಲುವೆ ಕಟ್ಟಿಕೊಂಡಿದೆಯೇ? ತೂಬು ಮುಚ್ಚಿದೆಯೇ? ನೀರಗಂಟಿಯ ಲೆಕ್ಕದಲ್ಲಿ ಇಂದು ತನ್ನ ಸರದಿಯೇ? ಎಸ್‌ಎಸ್‌ಎಚ್ ಕೈಕೊಟ್ಟಾಗಲೂ ಈ ಕ್ರಮ ಸಾಕು. ಪರದೆಯ ಮೇಲೆ ಬರುವ ದೋಷದ ಮಾತು ಮೂರರಲ್ಲಿ ಯಾವುದೆಂದು ತಾನೇ ಹೇಳಿಬಿಡುತ್ತದೆ.

‘ಕನೆಕ್ಷನ್ ಟೈಮ್ಡ್ ಔಟ್’ ಎಂದು ಬಂದರೆ ಕೂಗಿಗೆ ಓಗೊಡುವವರೇ ಸಿಕ್ಕಿಲ್ಲ ಎಂದರ್ಥ. ಕಾಲುವೆಯ ತೊಂದರೆ. ವಿದ್ಯುತ್ ಹೋಗಿ ಬಂದಾಗ ರೂಟರ್ ಪೆಟ್ಟಿಗೆಗೆ ಬೇರೆ ವಿಳಾಸ ಕೊಟ್ಟಿರಬಹುದು. ರೂಟರಿನಲ್ಲಿ ಪೆಟ್ಟಿಗೆಗೆ ಒಂದೇ ವಿಳಾಸವನ್ನು ಕಾಯ್ದಿರಿಸುವುದು ಇದಕ್ಕೆ ಮದ್ದು. ಮನೆಯ ಒಳಗಿನಿಂದ ತೆರೆಯುತ್ತದೆ, ಬೆಂಗಳೂರಿನಿಂದ ತೆರೆಯುವುದಿಲ್ಲ ಎಂದಾದರೆ ಪೆಟ್ಟಿಗೆ ನಿರಪರಾಧಿ. ಹಳೆಯ ಮಾದರಿಯ ಅಂತರಜಾಲ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಅವು ಸಾಲದೆ ಸೇವಾ ಕಂಪನಿಗಳು ಅನೇಕ ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂಡಿಸುವುದುಂಟು. ರೂಟರಿನ ಪುಟದಲ್ಲಿ ಕಾಣುವ ಹೊರವಿಳಾಸ 100.64ರಿಂದ 100.127ರ ನಡುವೆ ಆರಂಭವಾದರೆ ಅದು ಇಂಥ ಹಂಚಿಕೆಯ ವಿಳಾಸ. ಈ ಗುಂಪನ್ನು 2012ರಲ್ಲಿ ಇದಕ್ಕೆಂದೇ ತೆಗೆದಿರಿಸಲಾಯಿತು. ಹೊರಗಿನ ಕರೆ ಅಲ್ಲಿಂದ ಮನೆಗೆ ನೇರವಾಗಿ ಬಾರದು.

‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಕೂಗು ಮುಟ್ಟಿದೆ, ಬಾಗಿಲು ಮುಚ್ಚಿದೆ. ಇದು ತೂಬಿನ ವಿಷಯ. ಮನೆಬಳಕೆಯ ಅನೇಕ ಪೆಟ್ಟಿಗೆಗಳಲ್ಲಿ ಎಸ್‌ಎಸ್‌ಎಚ್ ಸೇವೆಯನ್ನು ಮಾಲೀಕರೇ ಚಾಲೂ ಮಾಡಬೇಕು. ಬಾಗಿಲ ಸಂಖ್ಯೆಯನ್ನು 22ರಿಂದ ಬದಲಿಸಿ ಮರೆತಿರುವುದೂ ಉಂಟು.

‘ಪರ್ಮಿಷನ್ ಡಿನೈಡ್’ ಎಂದರೆ ಬಾಗಿಲ ತನಕ ಬಂದಾಯಿತು, ಸರದಿ ನಿಮ್ಮದಲ್ಲ. ಕೆಲವು ಪೆಟ್ಟಿಗೆಗಳು ಆಡಳಿತಗಾರರ ಗುಂಪಿನವರನ್ನು ಮಾತ್ರ ಬಿಡುತ್ತವೆ. ಪಾಸ್‌ವರ್ಡ್‌ಗೆ ಬದಲು ಕೀಲಿ ಕಡತ ಬಳಸುವವರನ್ನು ಗೋಳಾಡಿಸುವ ಕಾರಣ ಇನ್ನೊಂದು: ಕೀಲಿ ಇಟ್ಟ ಕಡತಕೋಶವನ್ನು ಯಾರು ಬೇಕಾದರೂ ತಿದ್ದುವಂತಿದ್ದರೆ ಎಸ್‌ಎಸ್‌ಎಚ್ ಆ ಕೀಲಿಯನ್ನೇ ಒಪ್ಪುವುದಿಲ್ಲ. ಹಲವು ಬಾರಿ ತಪ್ಪು ಪಾಸ್‌ವರ್ಡ್ ಕೊಟ್ಟರೆ ಕೆಲವು ಪೆಟ್ಟಿಗೆಗಳು ಆ ವಿಳಾಸಕ್ಕೆ ಬಾಗಿಲನ್ನೇ ಹಾಕಿಬಿಡುತ್ತವೆ. ಆಗ ಅದೇ ಗಣಕದಿಂದ ಮತ್ತೆ ಮತ್ತೆ ಪ್ರಯತ್ನಿಸಿ ಪ್ರಯೋಜನವಿಲ್ಲ.

ಇವಲ್ಲದೆ ಎರಡು ಎಚ್ಚರಿಕೆಗಳಿವೆ. ದೂರದ ಯಂತ್ರದ ಗುರುತು ಬದಲಾಗಿದೆ ಎಂಬುದು ಮೊದಲನೆಯದು. ಪೆಟ್ಟಿಗೆಯನ್ನು ಹೊಸದಾಗಿ ಸಜ್ಜುಗೊಳಿಸಿದ್ದರೆ ಅಥವಾ ಆ ವಿಳಾಸ ಬೇರೊಂದು ಯಂತ್ರಕ್ಕೆ ಹೋಗಿದ್ದರೆ ಇದು ಸಹಜ. ಕಾರಣ ತಿಳಿಯದಿದ್ದರೆ ಮುಂದುವರಿಯಬಾರದು. ಪ್ರೈವೇಟ್ ನಂಬರ್ ಇಲ್ಲದ ಲೈನ್ ಕ್ಲಿಯರ್ ಅದು. ಇಬ್ಬರಿಗೂ ಒಪ್ಪುವ ಕೀಲಿಯ ಬಗೆ ಸಿಗಲಿಲ್ಲ ಎಂಬುದು ಎರಡನೆಯದು. 2021ರ ಸೆಪ್ಟೆಂಬರ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.8, ದುರ್ಬಲವೆಂದು ಸಾಬೀತಾಗಿದ್ದ ಹಳೆಯ ಸಹಿ ವಿಧಾನವೊಂದನ್ನು ಕೈಬಿಟ್ಟಿತು. ಹಳೆಯ ಪೆಟ್ಟಿಗೆ, ಹೊಸ ಗಣಕ ಇರುವಲ್ಲಿ ಈ ತಕರಾರು ಏಳುತ್ತದೆ. ಪೆಟ್ಟಿಗೆಯ ತಂತ್ರಾಂಶವನ್ನು ಹೊಸದು ಮಾಡುವುದೇ ಸರಿಯಾದ ದಾರಿ.

ಬೀಗ ಕಿತ್ತವರ ಪಾಡು

ತಾಳ್ಮೆಗೆಟ್ಟಾಗ ಜನ ಹಿಡಿಯುವ ಅಡ್ಡದಾರಿಗಳು ಗೊತ್ತಿರುವವೇ. ಎಚ್ಚರಿಕೆಯನ್ನು ಅಳಿಸುವುದು, ಎಲ್ಲ ಕಡತಗಳನ್ನೂ ಎಲ್ಲರಿಗೂ ತೆರೆಯುವುದು, ಟೆಲ್‌ನೆಟ್ ಚಾಲೂ ಮಾಡುವುದು, ಪೆಟ್ಟಿಗೆಯನ್ನು ನೇರವಾಗಿ ಅಂತರಜಾಲಕ್ಕೆ ಒಡ್ಡುವುದು. ಕೆಲಸವೇನೋ ಆಗುತ್ತದೆ. ಆದರೆ ಅಂತರಜಾಲದಲ್ಲಿ ತೆರೆದ ಬಾಗಿಲುಗಳನ್ನು ಹಗಲಿರುಳು ತಟ್ಟಿ ನೋಡುವ ಸ್ವಯಂಚಾಲಿತ ತಂತ್ರಾಂಶಗಳಿವೆ.

2021ರ ಜೂನ್‌ನಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ವೆಸ್ಟರ್ನ್ ಡಿಜಿಟಲ್ ಕಂಪನಿಯ ‘ಮೈ ಬುಕ್ ಲೈವ್’ ಎಂಬ ಮನೆಬಳಕೆಯ ಪೆಟ್ಟಿಗೆಗಳನ್ನು ಇಟ್ಟುಕೊಂಡಿದ್ದ ಹಲವು ದೇಶಗಳ ಜನ ಬೆಳಗಾಗುವಷ್ಟರಲ್ಲಿ ಖಾಲಿ ಪೆಟ್ಟಿಗೆ ಕಂಡರು. ಅವಕ್ಕೆ ಕೊನೆಯ ತಂತ್ರಾಂಶ ಪರಿಷ್ಕರಣೆ ಬಂದಿದ್ದು 2015ರಲ್ಲಿ. ದಾಳಿಕೋರರು ದೂರದಿಂದಲೇ ಕೊಟ್ಟ ಆಜ್ಞೆ ಪೆಟ್ಟಿಗೆಗಳನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಿತು. ವರ್ಷಗಳ ಕಾಲ ಕೂಡಿಟ್ಟ ಚಿತ್ರಗಳು ಹೋದವು. ಪಾಸ್‌ವರ್ಡ್ ಕೇಳಬೇಕಾಗಿದ್ದ ಕಡೆ ಆ ಯಂತ್ರ ಕೇಳಲಿಲ್ಲ. ಮಾಲೀಕನ ಆಜ್ಞೆಯೋ ಕಳ್ಳನ ಆಜ್ಞೆಯೋ ಎಂದು ನೋಡದೆ ಹೇಳಿದ್ದನ್ನು ಮಾಡಿತು.

ಹೊರಗಿನಿಂದ ಬರಲೇಬೇಕಾದವರಿಗೆ ಸುರಕ್ಷಿತ ಮಾರ್ಗವಿದೆ. ವಿಪಿಎನ್ ಎಂಬ ಗೂಢ ಸುರಂಗದ ಮೂಲಕ ಮೊದಲು ಮನೆಯ ಜಾಲಕ್ಕೆ ಬಂದು, ಆಮೇಲೆ ಎಸ್‌ಎಸ್‌ಎಚ್ ಬಾಗಿಲು ತಟ್ಟುವುದು. ಹೊರವಿಳಾಸ ಹಂಚಿಕೊಂಡ ಮನೆಗಳಿಗೂ ಹೊಂದುವ ವಿಪಿಎನ್‌ಗಳಿವೆ. ಪಾಸ್‌ವರ್ಡ್‌ಗಿಂತ ಕೀಲಿ ಕಡತ ಮೇಲು. ಕೆಲಸ ಮುಗಿದ ಮೇಲೆ ಸೇವೆಯನ್ನು ಮುಚ್ಚಿದರೆ ಇನ್ನೂ ಮೇಲು. ಇಷ್ಟಾದರೂ ಆ ಚಿತ್ರಗಳ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿ, ತಂತಿಗೆ ಜೋಡಿಸದ ಡಿಸ್ಕಿನಲ್ಲಿ ಇರಬೇಕು.

ಬೆಂಗಳೂರು-ಹಾಸನ ಮಾರ್ಗ ಪೂರ್ಣಗೊಂಡು ಕುಣಿಗಲ್ ರೈಲು ಕಂಡದ್ದು 2017ರಲ್ಲಿ, ಗುಬ್ಬಿಗಿಂತ 133 ವರ್ಷ ತಡವಾಗಿ. ಇಷ್ಟು ಕಾಲದಲ್ಲಿ ಎಂಜಿನ್ ಬದಲಾಗಿದೆ, ಹಳಿಯ ಅಗಲ ಬದಲಾಗಿದೆ, ಸಂಕೇತದ ಸಲಕರಣೆ ಬದಲಾಗಿದೆ. ಒಪ್ಪಿಗೆಯಿಲ್ಲದೆ ಗಾಡಿ ಬಿಡಬಾರದೆಂಬ ನಿಯಮ ಮಾತ್ರ ಬದಲಾಗಿಲ್ಲ. ಗಾಡಿ ತಡವಾದಾಗ ಪ್ರಯಾಣಿಕರು ಗೊಣಗುತ್ತಾರೆ; ಹಾಗೆಂದು ಯಾವ ಸ್ಟೇಷನ್ ಮಾಸ್ಟರೂ ಲೈನ್ ಕ್ಲಿಯರ್ ಇಲ್ಲದೆ ಹಸಿರು ತೋರುವುದಿಲ್ಲ. ನಡುಮನೆಯ ಪೆಟ್ಟಿಗೆ ‘ಇಲ್ಲ’ ಎಂದಾಗಲೂ ಕೇಳಬೇಕಾದ ಮೊದಲ ಪ್ರಶ್ನೆ, ಅದು ಏಕೆ ಹಾಗೆನ್ನುತ್ತಿದೆ ಎಂಬುದು.