ತಿಂಗಳು ತಪ್ಪಿದ ಲೆಕ್ಕ: ಬಾಗಲಕೋಟೆ ಸೀಮೆಯಲ್ಲಿ ಬಸುರಿನ ಖಾತ್ರಿ

ಬಾದಾಮಿ, ಹುನಗುಂದ, ಇಳಕಲ್ ಕಡೆಯ ಹಳ್ಳಿಗಳಲ್ಲಿ ಬಸುರಿನ ಮೊದಲ ಸುಳಿವೆಂದರೆ ಮುಟ್ಟು ನಿಲ್ಲುವುದು. ಮುಟ್ಟಾದವಳು ಅಡುಗೆಮನೆ, ದೇವರ ಜಗಲಿಗಳಿಂದ ದೂರ ಕೂರುವ ಪದ್ಧತಿಯಿದ್ದ ಮನೆಗಳಲ್ಲಿ ಇದು ಗುಟ್ಟಾಗಿ ಉಳಿಯುತ್ತಿರಲಿಲ್ಲ. ಸೊಸೆ ಈ ಸಲ ಹೊರಗೆ ಕೂರಲಿಲ್ಲವೆಂದರೆ ಅತ್ತೆ, ನೆಗೆಣ್ಣಿಯರು ಅಮಾವಾಸ್ಯೆ, ಹುಣ್ಣಿಮೆ, ಜಾತ್ರೆಗಳ ಗುರುತು ಹಿಡಿದು ಎಣಿಸತೊಡಗುತ್ತಿದ್ದರು. ಅವಳಿಗೇ ಖಾತ್ರಿಯಾಗುವ ಮೊದಲು ಮನೆಗೆ ಅನುಮಾನ ಬಂದಿರುತ್ತಿತ್ತು.

ಆದರೆ ಒಂದು ತಿಂಗಳು ತಪ್ಪಿದ ಮಾತ್ರಕ್ಕೆ ಬಸುರೆಂದು ನೆಚ್ಚುವಂತಿರಲಿಲ್ಲ. ನಿಶ್ಶಕ್ತಿಯಿಂದಲೂ ಮುಟ್ಟು ಮುಂದೆ ಹೋಗುತ್ತದೆ. ಮೊಲೆಯೂಡಿಸುವ ತಾಯಿಗೆ ಮುಟ್ಟು ಮರಳುವ ಮೊದಲೇ ಬಸುರು ನಿಲ್ಲುವುದೂ ಉಂಟು. ವಾಕರಿಕೆ, ಬಯಕೆ ಕಂಡ ಮೇಲೆ ಸೂಲಗಿತ್ತಿಯನ್ನು ಕೇಳುತ್ತಿದ್ದರು. ನಾಲ್ಕೈದು ತಿಂಗಳಿಗೆ ಕೂಸು ಮಿಸುಕಿದಾಗಲೇ ಸಂಶಯ ಪೂರ್ತಿ ತೀರುತ್ತಿದ್ದುದು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವ ಕುಬಸದ (ಸೀಮಂತದ) ಸಡಗರ ಅದಾದ ಮೇಲಿನದು.

ಬಸುರಿನ ಹಂಬಲಕ್ಕೆ ಈ ಸೀಮೆಯಲ್ಲಿ ಹಳೆಯ ಕಲ್ಲಿನ ಸಾಕ್ಷಿಯಿದೆ. ಬಾದಾಮಿ ಚಾಲುಕ್ಯರ ಕಾಲದ, ನಾಗನಾಥಕೊಳ್ಳದ ಲಜ್ಜಾಗೌರಿ ಮೂರ್ತಿ ಈಗ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿದೆ. ತಲೆಯ ಜಾಗದಲ್ಲಿ ಅರಳಿದ ತಾವರೆ, ಹೆರಿಗೆಗೆ ಸಿದ್ಧಳಾದವಳಂತೆ ಮಡಿಸಿ ಅಗಲಿಸಿದ ಕಾಲುಗಳು. ಐಹೊಳೆ ಸಮೀಪದ ಸಿದ್ಧನಕೊಳ್ಳದಲ್ಲಿ ಇಂಥದೇ ಮೂರ್ತಿಗೆ ಮಕ್ಕಳಿಲ್ಲದವರು ಇಂದಿಗೂ ಹರಕೆ ಹೊರುತ್ತಾರೆ. ಮದುವೆಯಾಗದವಳ, ವಿಧವೆಯ, ಹೆತ್ತು ಸೋತವಳ ಬಸುರಿನ ಅಂಜಿಕೆಗೆ ಮಾತ್ರ ಇಂಥ ಬಹಿರಂಗ ಜಾಗವಿರಲಿಲ್ಲ.

ಮೂತ್ರದಿಂದ ಬಸುರು ತಿಳಿಯುವ ನೆಚ್ಚಿಕೆಯ ಪರೀಕ್ಷೆಯನ್ನು 1920ರ ದಶಕದ ಕೊನೆಯಲ್ಲಿ ಬರ್ಲಿನ್‌ನ ಆಶ್‌ಹೈಮ್ ಮತ್ತು ಜೊಂಡೆಕ್ ರೂಪಿಸಿದರು. ಮೂತ್ರವನ್ನು ಇಲಿಮರಿಗಳಿಗೆ ಚುಚ್ಚಿ, ಕೆಲ ದಿನ ಬಿಟ್ಟು ಅಂಡಾಶಯ ನೋಡಬೇಕಿತ್ತು. 1960ರ ದಶಕದಲ್ಲಿ ಪ್ರತಿಕಾಯ ಆಧಾರಿತ ಪರೀಕ್ಷೆ ಬಂದು ಪ್ರಾಣಿಗಳ ಗೊಡವೆ ತಪ್ಪಿತು. 1970ರ ದಶಕದಲ್ಲಿ ಅಮೆರಿಕದಲ್ಲಿ ಮನೆಯ ಕಿಟ್ ಮಾರಾಟಕ್ಕೆ ಬಂತು. ಭಾರತದ ಹಳ್ಳಿಗಳಿಗೆ ಅದು ಬಹುಮಟ್ಟಿಗೆ ತಲುಪಿದ್ದು 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ನಂತರ. ಆಶಾ ಕಾರ್ಯಕರ್ತೆಯರ ಚೀಲಕ್ಕೆ ‘ನಿಶ್ಚಯ್’ ಕಿಟ್ ಸೇರಿತು. ಔಷಧ ಅಂಗಡಿಗಳಲ್ಲೂ ಕಿಟ್‌ಗಳು ಸಿಗತೊಡಗಿದವು.

ಕಿಟ್‌ನ ಗುಳಿಯೊಳಗೆ ಎರಡು ಮೂರು ಹನಿ ಮೂತ್ರ ಬಿಟ್ಟು, ಸೂಚನೆಯಲ್ಲಿರುವಷ್ಟು ನಿಮಿಷ ಕಾಯಬೇಕು. ಒಂದೇ ಗೆರೆ ನಿಯಂತ್ರಣದ ಜಾಗದಲ್ಲಿ ಮೂಡಿದರೆ ಬಸುರಿಲ್ಲ. ಎರಡನೆಯದು ಮಸುಕಾಗಿ ಮೂಡಿದರೂ ಬಸುರೆಂದೇ ಎಣಿಕೆ. ನಿಯಂತ್ರಣದ ಗೆರೆಯೇ ಬಾರದಿದ್ದರೆ ಪರೀಕ್ಷೆ ಕೆಟ್ಟಿತೆಂದು ಅರ್ಥ. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡ ಮೇಲಷ್ಟೇ ಕಿಟ್ ಗುರುತಿಸುವ ಎಚ್‌ಸಿಜಿ ಹಾರ್ಮೋನು ಏರುವುದರಿಂದ ಮುಟ್ಟಿನ ದಿನ ದಾಟಿದ ಮೇಲೆ, ಬೆಳಗಿನ ಮೊದಲ ಮೂತ್ರದಿಂದ ನೋಡುವುದು ಸರಿ. ಆತುರಪಟ್ಟರೆ ಬಸುರಿದ್ದರೂ ಇಲ್ಲವೆನ್ನಬಹುದು. ಮುಟ್ಟು ಬಾರದೇ ಇದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಬೇಕು.

ಬೇಗ ಗೊತ್ತಾಗುವುದರಿಂದ ಮುಂದಿನ ದಾರಿಗಳೂ ತೆರೆದುಕೊಂಡವು. ಮೊದಲ 12 ವಾರಗಳಲ್ಲೇ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬಹುದು. ಬೇಡದ ಬಸುರಿಗೆ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಆಸರೆಯಿದೆ. 2021ರ ತಿದ್ದುಪಡಿ ಗರ್ಭನಿರೋಧಕ ವಿಫಲವಾದ ಸಂದರ್ಭಕ್ಕೆ ‘ಗಂಡ’ನ ಬದಲು ‘ಸಂಗಾತಿ’ ಎಂದು ಸೇರಿಸಿ ಮದುವೆಯಾಗದವರನ್ನೂ ಒಳಗೊಂಡಿತು. ಕುಬಸ ಈಗಲೂ ನಡೆಯುತ್ತದೆ. ಆದರೆ ಸುದ್ದಿ ಮೊದಲು ತಿಳಿಯುವುದು ಅತ್ತೆಗಲ್ಲ, ಕಿಟ್ ಹಿಡಿದವಳಿಗೆ. ಅದನ್ನು ಯಾರಿಗೆ, ಯಾವಾಗ ಹೇಳಬೇಕೆಂಬುದೂ ಬಹುಮಟ್ಟಿಗೆ ಅವಳ ಕೈಗೆ ಬಂದಿದೆ.