ತೂಕ ಕುಗ್ಗಿದ ರೊಟ್ಟಿ

ಬೆಲೆ ಏರುವುದು ಎರಡು ಬಗೆಯಾಗಿ. ಒಂದು, ವರ್ತಕನು ಹೆಚ್ಚು ಹಣ ಕೇಳುವುದು. ಇನ್ನೊಂದು, ಹಣ ಅಷ್ಟೇ ಇದ್ದು ಪದಾರ್ಥವು ಕಡಮೆಯಾಗುವುದು. ಎರಡನೆಯದು ನಮ್ಮ ಕಣ್ಣಿಗೆ ಬೇಗನೆ ಬೀಳದು.

ಇಂಗ್ಲೆಂಡಿನಲ್ಲಿ ಒಮ್ಮೆ ಈ ಎರಡನೆಯ ಬಗೆಯೇ ಕಾನೂನಾಗಿದ್ದಿತು. ಮೂರನೆಯ ಹೆನ್ರಿ ದೊರೆಯ ಕಾಲದಲ್ಲಿ, 1266ರ ಸುಮಾರಿಗೆ, ರೊಟ್ಟಿಯನ್ನು ಕುರಿತು ಒಂದು ಶಾಸನ ಹೊರಟಿತು. ಕಾಲು ಪೆನ್ನಿಯ ರೊಟ್ಟಿಗೆ ಎಂದೂ ಕಾಲು ಪೆನ್ನಿಯೇ ಬೆಲೆ. ಗೋಧಿಯ ಧಾರಣೆ ಏರಿದರೆ ರೊಟ್ಟಿಯ ತೂಕ ಇಳಿಯಬೇಕು, ಧಾರಣೆ ಇಳಿದರೆ ತೂಕ ಏರಬೇಕು. ಅದಕ್ಕಿಂತ ಕಿರಿಯ ಹಣವಿಲ್ಲದ ಆ ಕಾಲದಲ್ಲಿ ಇದು ಅನುಕೂಲವಾದ ಏರ್ಪಾಡೇ ಸರಿ. ತೂಕವನ್ನು ಗೊತ್ತುಮಾಡುತ್ತಿದ್ದವರು ಊರಿನ ಅಧಿಕಾರಿಗಳು, ರೊಟ್ಟಿಯವನಲ್ಲ. ಗೊತ್ತಾದ ತೂಕಕ್ಕಿಂತ ಕಡಮೆ ಕೊಟ್ಟವನಿಗೆ ದಂಡ. ಮತ್ತೆ ಮತ್ತೆ ತಪ್ಪಿದರೆ ಕತ್ತನ್ನೂ ಕೈಗಳನ್ನೂ ಮರದ ಹಲಗೆಗೆ ಸಿಕ್ಕಿಸಿ ಜನರೆದುರು ನಿಲ್ಲಿಸುವ ಅವಮಾನ. ಈ ಪದ್ಧತಿ ಲಂಡನ್ನಿನಲ್ಲಿ 1815ರವರೆಗೂ ಉಳಿದ ಕಡೆಗಳಲ್ಲಿ 1836ರವರೆಗೂ ನಡೆಯಿತು.

ಇಂದು ನಮ್ಮ ಅಂಗಡಿಗಳಲ್ಲಿಯೂ ಹತ್ತು ರೂಪಾಯಿಯ ಪೊಟ್ಟಣ ಹತ್ತು ರೂಪಾಯಿಗೇ ದೊರೆಯುತ್ತದೆ. ಕುಗ್ಗುವುದು ಒಳಗಿನ ಬಿಸ್ಕತ್ತು. ಕ್ರಿಯೆ ಅದೇ, ನೀತಿ ಬೇರೆ. ಅಂದಿನ ಇಳಿತವನ್ನು ಊರೇ ಬಲ್ಲದು. ಇಂದಿನದನ್ನು ತಯಾರಕನು ಮಾತ್ರ ಬಲ್ಲನು. ಪೊಟ್ಟಣದ ಮೇಲೆ ಗ್ರಾಮಿನ ಅಥವಾ ಕಿಲೋಗ್ರಾಮಿನ ಲೆಕ್ಕದ ದರವನ್ನೂ ಅಚ್ಚುಮಾಡಬೇಕೆಂದು ಭಾರತ ಸರ್ಕಾರವು 2021ರಲ್ಲಿ ನಿಯಮ ತಿದ್ದಿದುದು ಈ ಮರೆಯನ್ನು ಸರಿಸುವುದಕ್ಕಾಗಿಯೇ.

ಗೊತ್ತಾದ ಸಂಬಳದಲ್ಲಿ ಸಂಸಾರ ತೂಗಿಸುವವರಿಗೆ ಆ ಸಣ್ಣ ಅಕ್ಷರಗಳೇ ತಕ್ಕಡಿ. ಬೆಲೆಯನ್ನು ನೋಡಿ ಕೊಳ್ಳುವ ನಾವು ತೂಕವನ್ನೂ ನೋಡಿ ಕೊಳ್ಳುವುದು ಲೇಸು.